ಕೆಳಗಿನ ಮನೆಗೆ ಕೇಳಿಸಿದ ರೊಟ್ಟಿ

ಅಬ್ಬಿಗೇರಿ, ತಾ. ರೋಣ
೧೬ ಜನವರಿ ೨೦೨೫

ಪ್ರೀತಿಯ ನಿರ್ಮಲಾ,

ಹೇಗಿದ್ದೀಯವ್ವಾ? ರಾತ್ರಿಪಾಳಿ ಮುಗಿಸಿ ಬಂದಮೇಲೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ಮಲಗುತ್ತೀಯೋ, ಬರೀ ಚಹಾದ ಮೇಲೆ ದಿನ ದೂಡುತ್ತೀಯೋ? ಕೂಸಿನ ಕೆಮ್ಮು ಕಡಿಮೆಯಾಯಿತೇ? ನೀನು ನರ್ಸು, ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಎದೆಗೆ ಒಂದಿಷ್ಟು ಬೆಚ್ಚನೆ ಎಣ್ಣೆ ಹಚ್ಚು. ಬಸವಪ್ರಸಾದನನ್ನು ಕೆಲಸಕ್ಕೆ ಹಚ್ಚು, ನನ್ನ ಮಗನೆಂದು ನಾನೇನೂ ವಹಿಸಿಕೊಳ್ಳುವುದಿಲ್ಲ. ಇಲ್ಲಿ ನಾವೆಲ್ಲ ಆರಾಮ. ನಿನ್ನ ಭಾವನ ಹೊಲದಲ್ಲಿ ಕಡಲೆ ಚಲೋ ಬಂದಿದೆ, ಮಕ್ಕಳು ಹಸಿಕಡಲೆ ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾರೆ. ಫೋನ್ ಇದ್ದೂ ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ನೀನು "ಹೂಂರಿ ಅತ್ತಿ, ಇರ್ಲಿ ಬಿಡ್ರಿ ಅತ್ತಿ" ಎಂದು ನನ್ನ ಬಾಯಿ ಮುಚ್ಚಿಸುತ್ತಿ. ಕಾಗದದ ಬಾಯಿ ಮುಚ್ಚಿಸು ನೋಡೋಣ.

ಮೊನ್ನೆ ನಮ್ಮ ಓಣಿಯ ರಸೂಲಬಿಯ ಮಗಳು ಅಂಜುಮ ಊರಿಗೆ ಬಂದಿದ್ದಳು. ನಿನ್ನ ದವಾಖಾನೆಯಲ್ಲೇ ದುಡಿಯುವವಳಲ್ಲವೇ, ಎಳ್ಳುಬೆಲ್ಲ ಕೊಟ್ಟು ಕೂಡಿಸಿ ನಿನ್ನ ಸುದ್ದಿ ಕೇಳಿದೆ. "ಏನ್ ಹೇಳ್ಲಿ ದೊಡ್ಡವ್ವಾ, ನಿರ್ಮಲಕ್ಕ ಆ ಮನಿ ಬಿಡಾಕತ್ತಾಳ. ನೀವು ಬಂದಾಗೆಲ್ಲ ರೊಟ್ಟಿ ಬಡಿಯೂ ಸಪ್ಪಳಕ್ಕ ಕೆಳಗಿನವ್ರಿಗೆ ನಿದ್ದಿ ಇಲ್ಲಂತ. ಸಪ್ಪಳ ನಿಂತ್ರ ಬಾಡಿಗಿ ಕರಾರು ಮತ್ತ ಮಾಡ್ತೀನಿ, ಇಲ್ಲಂದ್ರ ಖಾಲಿ ಮಾಡ್ರಿ ಅಂದಾನಂತ ಮಾಲಕ. ನಿಮಗ ಗೊತ್ತಿಲ್ಲೇನು?" ಎಂದಳು. ನನಗೆ ಎಲ್ಲಿಂದ ಗೊತ್ತಿರಬೇಕು? ನೀನು ಬಾಯಿ ಬಿಟ್ಟರೆ ತಾನೇ!

ದೀಪಾವಳಿಗೆ ನಾನು ಮುಂಬಯಿಯಲ್ಲಿದ್ದಾಗ ಒಂದು ಮುಂಜಾನೆ ಕೆಳಗಿನ ಮನೆಯ ಮುದುಕರು ಮೇಲೆ ಬಂದಿದ್ದರು. ನೀನು ಪಾಳಿಯಲ್ಲಿದ್ದೆ, ಬಸವಪ್ರಸಾದ ಗೊರಕೆ ಹೊಡೆಯುತ್ತಿದ್ದ. ಅವರು ಕೈಮುಗಿದು ಮರಾಠಿಯಲ್ಲಿ ಏನೋ ಹೇಳಿದರು. ನನಗೆ ತಿಳಿಯಲಿಲ್ಲವೆಂದು ಗಾಳಿಯಲ್ಲೇ ಪಟಪಟ ರೊಟ್ಟಿ ಬಡಿದಂತೆ ಮಾಡಿ ತೋರಿಸಿದರು. ಪಾಪ, ಒಂಟಿ ಜೀವ, ಬಿಸಿರೊಟ್ಟಿ ವಾಸನೆಗೆ ತಡೆಯಲಾರದೆ ಕೇಳಲಿಕ್ಕೆ ಬಂದಿದ್ದಾರೆ ಎಂದುಕೊಂಡೆ. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಎರಡು ರೊಟ್ಟಿ, ಮೇಲೆ ಬೆಣ್ಣೆ, ಗುರೆಳ್ಳು ಚಟ್ನಿ ಕೊಟ್ಟು ಕಳಿಸಿದೆ. ಮರುದಿನ ಮತ್ತೆ ಬಂದರು, ಮತ್ತೆ ಕೊಟ್ಟೆ. ಮುದುಕರಿಗೆ ರುಚಿ ಹತ್ತಿತೆಂದು ಹಿಗ್ಗಿ, ಅದರ ಮರುದಿನ ಅವರ ಪಾಲಿನದನ್ನೂ ಸೇರಿಸಿ ಇನ್ನಷ್ಟು ಜೋರಾಗಿ ಬಡಿದೆ! ಅಯ್ಯ ನನ್ನ ಶಿವನೇ, ಅಂಜುಮಳ ಮುಂದೆ ನಗು ಬಂತು, ಅವಳು ಹೋದಮೇಲೆ ನಾಚಿಕೆ ಬಂತು.

ನೀನಾದರೂ ಎಂಥ ಕಳ್ಳಿ! "ನೆಲ ತಂಪೈತಿ ಅತ್ತಿ, ಮೊಣಕಾಲು ಹಿಡೀತಾವ" ಎಂದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೂ ಹಾಸಿದೆ, ರೊಟ್ಟಿಮಣೆಯ ಕೆಳಗೂ ಹಾಸಿದೆ. ನನ್ನ ಸೊಸೆ ನನ್ನನ್ನು ಎಷ್ಟು ನೋಡಿಕೊಳ್ಳುತ್ತಾಳೆ ಎಂದು ಇಡೀ ಓಣಿಗೆ ಹೇಳಿಕೊಂಡು ಬಂದೆ. ಮಣೆಗೆ ಯಾವ ಮೊಣಕಾಲು ಎಂದು ಈ ಮಳ್ಳಿಗೆ ಹೊಳೆಯಲೇ ಇಲ್ಲ.

ಆ ಮನೆ ಹುಡುಕಲು ನೀವು ಪಟ್ಟ ಪಾಡು ನನಗೆ ಗೊತ್ತು. ಒಬ್ಬರು ಕೂಸು ಅಳುತ್ತದೆ ಎಂದರು, ಒಬ್ಬರು ಹೊತ್ತಲ್ಲದ ಹೊತ್ತಿಗೆ ಬಂದುಹೋಗುವ ನರ್ಸು ಬೇಡ ಎಂದರು. ಇನ್ನೊಂದು ಕಡೆ ಕಿಟಕಿ ತೆಗೆದರೆ ಬರೀ ಗೋಡೆ. ಮುಂಬಯಿಯ ಬಾಡಿಗೆ ಕೇಳಿದರೆ ನಮ್ಮೂರಿನವರಿಗೆ ಎದೆ ಧಸಕ್ಕೆನ್ನುತ್ತದೆ. ಕಡೆಗೆ ದವಾಖಾನೆಯ ಬೆನ್ನಿಗೇ ಒಂದು ಕೋಣೆ, ಒಂದು ಅಡಿಗೆಮನೆ ಸಿಕ್ಕಿತು. ಪಾಳಿಯ ನಡುವೆ ನೀನು ಓಡಿಬಂದು ಕೂಸಿಗೆ ಹಾಲು ಕೊಟ್ಟು ಹೋಗುತ್ತಿದ್ದೆ. ಈಗ ಅದನ್ನು ಬಿಟ್ಟು ಅಷ್ಟು ದೂರದ ವಿರಾರದಲ್ಲಿ ನೆಲಮಹಡಿ ನೋಡಿದ್ದೀಯಂತೆ. ನೆಲಮಹಡಿ ಯಾಕೆ ಎಂದು ಯಾರಾದರೂ ಹೇಳಬೇಕೇ? ಅತ್ತೆ ಎಷ್ಟು ಬಡಿದರೂ ಕೆಳಗೆ ಮಣ್ಣು ಮಾತ್ರ ಇರಲಿ ಎಂದು! ಆ ರೈಲಿನ ಗದ್ದಲದಲ್ಲಿ ದಿನಾ ಹೋಗಿಬರುವವರು ಯಾರು? ಕೂಸು ನಿನ್ನ ಮುಖ ನೋಡುವುದು ಯಾವಾಗ?

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈಗ ನಿನ್ನ ಕಾಲ, "ಅತ್ತಿ, ಬಡೀಬ್ಯಾಡ್ರಿ" ಎಂದು ಒಂದೇ ಮಾತು ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಮನಸ್ಸು ನೋಯಬಾರದೆಂದು ನೀನು ಇದ್ದ ಸೂರನ್ನೇ ಬಿಡಲು ಹೊರಟೆ. ಸಿಟ್ಟು ಬಂತು, ಅಳುವೂ ಬಂತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವರೂ ನನ್ನನ್ನು ಇಷ್ಟು ಕಾಯ್ದಿಲ್ಲವ್ವಾ. ಅದಕ್ಕೇ ಹೇಳುತ್ತೇನೆ, ಮನೆ ಬಿಡಬೇಡ. ನಾನೇ ಬರುವುದಿಲ್ಲ. ಇಲ್ಲಿ ನನಗೇನು ಕಡಿಮೆ? ಮಾಲಕನಿಗೆ ಮುದುಕಿ ಊರಿಗೆ ಹೋದಳು, ಇನ್ನು ಸಪ್ಪಳವಿಲ್ಲ ಎಂದು ಹೇಳಿಬಿಡು.

ಕೂಸಿಗೆ ನನ್ನ ಮುತ್ತು. ನಿಮ್ಮ ಸಂಸಾರ ತಣ್ಣಗಿರಲಿ, ಒಲೆ ಮೇಲಿನ ಹಾಲು ಉಕ್ಕಿದಂತೆ ಉಕ್ಕಲಿ.

ನಿನ್ನ ಅತ್ತೆ,
ಸಿದ್ದಲಿಂಗವ್ವ

ತಾ.ಕ.: ಬರೆದು ಎರಡು ದಿನವಾಯಿತು, ಅಂಚೆಗೆ ಹಾಕಲು ಕೈಬರಲಿಲ್ಲ. ಬರುವುದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು, ಅದನ್ನು ಹೊಟ್ಟೆಗೆ ಹಾಕಿಕೋ. ಕೂಸಿನ ವಾಸನೆಯಿಲ್ಲದೆ ನನಗೆ ಇರಲಿಕ್ಕೆ ಆಗುತ್ತಿಲ್ಲ. ನಿನ್ನೆ ಕದ ಹಾಕಿಕೊಂಡು ಲಟ್ಟಣಿಗೆ ಹಿಡಿದೆ. ಹೌದು, ನಾನೇ! ಜೋಳದ ಹಿಟ್ಟು ಲಟ್ಟಿಸುವವಳು ಹೆಂಗಸೇ ಅಲ್ಲ ಎಂದು ಊರತುಂಬ ಆಡಿಕೊಂಡ ಇದೇ ಸಿದ್ದಲಿಂಗವ್ವ. ಮೊದಲಿನವು ಹರಿದು ಚಿಂದಿಯಾದವು, ಕಡೆಯದು ದುಂಡಗೆ ಬಂತು, ಪಕ್ಕದಲ್ಲಿ ಮಲಗಿದ ಬೆಕ್ಕು ಕೂಡ ಏಳಲಿಲ್ಲ. ಲಗೂನೆ ಕರಾರಿಗೆ ಸಹಿ ಹಾಕು, ನಾನು ಬರುತ್ತೇನೆ. ಅಬ್ಬಿಗೇರಿಯವರ ಮುಂದೆ ಮಾತ್ರ ಬಾಯಿ ಬಿಡಬೇಡ.