ಸವೆದ ಹೆಬ್ಬೆರಳಿನವರ ಓಣಿ

ಗುಳೇದಗುಡ್ಡ,
ಕ್ರಿಸ್ತಶಕ ೨೧೪೯, ಶ್ರಾವಣದ ಮೂರನೆಯ ಶುಕ್ರವಾರ

ಬೆಲೆ ಕೊಟ್ಟು ಆಟ ಕೊಂಡ ಹಿರಿಯರಿಗೆ,

ಕೊಂಡವಳನ್ನು ಕಳ್ಳಿ ಎಂದು ಕರೆದು, ಅವಳು ಒಂಬತ್ತು ವರ್ಷ ಕಟ್ಟಿದ್ದನ್ನು ಅಳಿಸಿಹಾಕಿದ್ದಾರೆ. ಕದ್ದವನು ಪಕ್ಕದ ಮನೆಯಲ್ಲಿ ಕುಳಿತು ಅದೇ ಆಟವನ್ನು ಯಾವ ಅಡ್ಡಿಯೂ ಇಲ್ಲದೆ ಆಡುತ್ತಿದ್ದಾನೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ನೀವು ಈ ಕಾಗದ ಓದುವ ಹೊತ್ತಿಗೆ ನಾನಿನ್ನೂ ಹುಟ್ಟಿರುವುದಿಲ್ಲ, ನನ್ನ ಅಜ್ಜಿಯ ಅಜ್ಜಿಯೂ ಹುಟ್ಟಿರಲಿಕ್ಕಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಶಾಲೆ ಓದಿದ್ದು ಎಂಟನೆಯ ತರಗತಿಯವರೆಗೆ. ಉಳಿದದ್ದನ್ನು ಕೈಯಿಂದ ಕೈಗೆ ಬರುವ ಕರಪತ್ರಗಳಲ್ಲಿ ಓದಿಕೊಂಡೆ. ಕಾಗದದ ಮೇಲೆ ಅಚ್ಚಾದದ್ದಕ್ಕೆ ಮಾತ್ರ ನಮ್ಮಲ್ಲಿ ಬೀಗ ಇಲ್ಲ, ಆದ್ದರಿಂದ ನಮ್ಮಂಥವರು ಕಾಗದವನ್ನೇ ನಂಬುತ್ತೇವೆ. ಹೊಸ ಹೆಸರು ಬಂದಲ್ಲಿ ಅದು ಏನೆಂದು ಹೇಳುತ್ತಾ ಹೋಗುತ್ತೇನೆ.

ಕಳ್ಳಿ ಎನಿಸಿಕೊಂಡವಳು ನನ್ನ ಅಕ್ಕ ಪಾರವ್ವ. ವಯಸ್ಸು ಇಪ್ಪತ್ತಾರು. ಕೆಲಸ ಎಳೆ ಹೊಸೆಯುವುದು. ನಮ್ಮೂರಿನಲ್ಲಿ ಈಗಲೂ ರವಿಕೆಯ ಖಣ ನೇಯುತ್ತಾರೆ. ಮಗ್ಗ ತಾನಾಗಿ ಓಡುತ್ತದೆ, ಬಣ್ಣ ತಾನಾಗಿ ಬೆರೆಯುತ್ತದೆ, ಆದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳ ಹಳೆಯ ಹಾಸು ಮುಗಿದು ಹೊಸ ಹಾಸು ಏರಿಸುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಸೇರಿಸುವ ಕೆಲಸ ಮಾತ್ರ ಮನುಷ್ಯರ ಬೆರಳಿಗೇ ಉಳಿದಿದೆ. ಹೆಬ್ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಎರಡು ತುದಿಗಳನ್ನು ತೋರುಬೆರಳಿನ ಮೇಲೆ ಒತ್ತಿ ಹೊಸೆಯಬೇಕು. ಒಂದೊಂದು ಹಾಸಿನಲ್ಲೂ ಮೂರು ಸಾವಿರ ಎಳೆ. ಐದಾರು ವರ್ಷ ಈ ಕೆಲಸ ಮಾಡಿದವರ ಬಲ ಹೆಬ್ಬೆರಳು ಹೊಳೆಕಲ್ಲಿನಂತೆ ನುಣ್ಣಗಾಗುತ್ತದೆ. ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹೆಬ್ಬೆರಳು ನೋಡುತ್ತಾರೆ. ನುಣ್ಣಗಿದ್ದರೆ ಹುಡುಗಿ ದುಡಿಯುವವಳು ಎಂದು ಅರ್ಥ.

ಅಕ್ಕ ಹದಿನೇಳನೆಯ ವಯಸ್ಸಿನಲ್ಲಿ, ಈ ಕೆಲಸಕ್ಕೆ ಕೂರುವ ಮೊದಲು, ಒಂದು ಆಟ ಕೊಂಡಳು. ಅದರ ಹೆಸರು ನೀರಂಚಿನ ಊರು. ಬರಿ ನೆಲ ಕೊಡುತ್ತಾರೆ, ಆಡುವವರು ಅದರ ಮೇಲೆ ತಮಗೆ ಬೇಕಾದ ಊರು ಕಟ್ಟಿಕೊಳ್ಳಬೇಕು. ಕೊಳ್ಳುವಾಗ ಅವಳು ಬಲ ಹೆಬ್ಬೆರಳಿನ ಗುರುತು ಕೊಟ್ಟಿದ್ದಳು. ಆಟವನ್ನು ಯಾರೂ ಕದಿಯಬಾರದೆಂದು ಆಟಮನೆಯವರು ಅದಕ್ಕೆ ಕಾವಲುಬೀಗ ಹಾಕಿರುತ್ತಾರೆ. ಆಟಮನೆ ಎಂದರೆ ಆಟ ಮಾಡಿ ಮಾರುವ ಕಂಪನಿ. ಕಾವಲುಬೀಗ ಎಂದರೆ ಕೊಂಡವರನ್ನು ಮತ್ತೆ ಮತ್ತೆ ಕರೆದು, ನೀನು ಕದ್ದಿಲ್ಲ ತಾನೆ ಎಂದು ಕೇಳುವ ಬೀಗ. ಮೊದಲು ಅದು ವರ್ಷಕ್ಕೊಮ್ಮೆ ಕೇಳುತ್ತಿತ್ತು. ಈ ವರ್ಷದಿಂದ ತಿಂಗಳಿಗೊಮ್ಮೆ. ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ ಸಾಚಾಕಟ್ಟೆ ಇದೆ. ಅಲ್ಲಿ ಸಾಲಿನಲ್ಲಿ ನಿಂತು ಗಾಜಿನ ಪೆಟ್ಟಿಗೆಯೊಳಗೆ ಹೆಬ್ಬೆರಳು ಒತ್ತಿ ನಾನು ಸಾಚಾ ಎಂದು ತೋರಿಸಿದರೆ ಆಟ ಇನ್ನೊಂದು ತಿಂಗಳು ತೆರೆಯುತ್ತದೆ. ಸಾಲಿನಲ್ಲಿ ನಿಲ್ಲುವವರೆಲ್ಲ ಕೊಂಡವರೇ. ಕದ್ದವರಿಗೆ ಅಲ್ಲಿ ಏನು ಕೆಲಸ?

ಅಕ್ಕ ಕಟ್ಟಿದ್ದು ನಮ್ಮ ಓಣಿಯನ್ನು. ನಾನು ಒಂಬತ್ತು ವರ್ಷದವಳಿದ್ದಾಗ ದೊಡ್ಡ ನೀರುಗಾಲುವೆಗೆ ಜಾಗ ಬೇಕೆಂದು ನಮ್ಮ ಓಣಿಯ ಹನ್ನೊಂದೂ ಮನೆ ಕೆಡವಿದರು. ನಮ್ಮನ್ನೆಲ್ಲ ಊರಾಚೆಯ ನೆರಳುಸಾಲಿಗೆ ಹಾಕಿದರು. ಬಿಸಿಲಿಗೆ ಬೀದಿಯ ಮೇಲೆಲ್ಲ ತಗಡು ಹೊದಿಸಿದ ವಸತಿಗೆ ಈಗ ಹಾಗೆನ್ನುತ್ತಾರೆ. ಅಲ್ಲಿ ಕೂತು ಅಕ್ಕ ಆ ಹನ್ನೊಂದು ಮನೆಗಳನ್ನು ಒಂದೊಂದಾಗಿ ಆಟದೊಳಗೆ ಎಬ್ಬಿಸಿದಳು. ಕಟ್ಟೆ, ಕಟ್ಟೆಯ ಮೇಲಿನ ತಗ್ಗು, ಹಗ್ಗ ಉಜ್ಜಿ ಸವೆದ ಬಾವಿಯ ಅಂಚು, ಎಲ್ಲವನ್ನೂ. ಭಾನುವಾರ ಓಣಿಯವರೆಲ್ಲ, ಆಟ ಮೂಡುವ ನಮ್ಮ ಮನೆಯ ಗೋಡೆಯ ಮುಂದೆ ಕೂತು ತಮ್ಮ ತಮ್ಮ ಮನೆ ನೋಡುತ್ತಿದ್ದರು. ನಮ್ಮ ಎದುರು ಮನೆಯ ತಿಪ್ಪವ್ವ ಎಂಬ ವಿಧವೆ, ಸಂಘದ ಎರಡು ಮಗ್ಗ ನಡೆಸುವವಳು, ಸುಮ್ಮನೆ ನೋಡುವವಳಲ್ಲ.

"ಪಾರವ್ವಾ, ನಮ್ಮ ಗ್ವಾಡಿ ಬಿರುಕು ಎಲ್ಲೈತಿ? ಬಾಗಲದ ಬಲಕ್ಕಿತ್ತು ಅದು."

"ಬಿರುಕು ಯಾಕ ಬೇಕ ಚಿಗವ್ವಾ? ಚಂದಾಗಿ ಕಟ್ಟಿಕೊಟ್ಟೀನಿ, ಇರಲಿ ಬಿಡ."

"ಚಂದಾದ್ದು ಯಾರ ಮನಿಯವ್ವಾ ಅದು? ನಂದಲ್ಲ. ನನ್ನ ಗಂಡ ಕುಡದ ಬಂದು ಒದ್ದ ಗ್ವಾಡಿ ಅದು. ಬಿರುಕ ಹಾಕ."

ಅಕ್ಕ ಬಿರುಕು ಹಾಕಿದಳು. ತಿಪ್ಪವ್ವ ಬಹಳ ಹೊತ್ತು ಅದನ್ನೇ ನೋಡಿ, ಸೆರಗು ಸರಿಮಾಡಿಕೊಂಡು ಎದ್ದುಹೋದಳು. ಆ ಓಣಿಯ ಚಿತ್ರ ನಮ್ಮಲ್ಲಿ ಯಾರ ಬಳಿಯೂ ಬೇರೆ ಇರಲಿಲ್ಲ. ಅದು ಇದ್ದದ್ದು ಆಟದೊಳಗೆ ಒಂದೇ ಕಡೆ, ಮತ್ತು ಆಟದೊಳಗಿನದು ಇರುವುದು ಆಟಮನೆಯವರ ಉಗ್ರಾಣದಲ್ಲಿ. ಮನೆಯಲ್ಲಿ ಪ್ರತಿ ಇಟ್ಟುಕೊಳ್ಳಲು ಬೀಗ ಬಿಡುವುದಿಲ್ಲ. ಪ್ರತಿ ಮಾಡುವುದು ಕಳ್ಳರ ಲಕ್ಷಣವಂತೆ.

ಆಷಾಢದಲ್ಲಿ, ಅಳಿದುಳಿದ ಗೆರೆಯೂ ಸವೆದುಹೋಗಿ, ಪೆಟ್ಟಿಗೆ ಅಕ್ಕನ ಹೆಬ್ಬೆರಳನ್ನು ಗುರುತಿಸಲಿಲ್ಲ. ಸಾಚಾಕಟ್ಟೆಯ ಗುಮಾಸ್ತ ಸಂಗಯ್ಯ ಕೆಟ್ಟವನಲ್ಲ. ಅವನ ಮಾತು ನನಗೆ ಹಾಗೇ ನೆನಪಿದೆ.

"ನೀ ಯಾರಂತ ನನಗ ಗೊತ್ತೈತಿ ಪಾರವ್ವ. ನಿಮ್ಮವ್ವ ನಮ್ಮವ್ವ ಒಂದ ಮಗ್ಗದಾಗ ಕೂತಾವ್ರು. ಆದರ ಪೆಟ್ಟಿಗಿಗೆ ಗೊತ್ತಿಲ್ಲ. ನನ್ನ ಮಾತ ಅದು ಕೇಳೂದಿಲ್ಲ ತಂಗಿ."

ಗುರುತು ಸಿಗದವರನ್ನು ಸಂಶಯದ ಪಟ್ಟಿಗೆ ಸೇರಿಸುತ್ತಾರೆ. ಮೂವತ್ತನೆಯ ದಿನ ಒಂದೇ ಒಂದು ಮರುಪರೀಕ್ಷೆ. ಅದಕ್ಕಿಂತ ಮೊದಲು ಹೋದರೆ ಪೆಟ್ಟಿಗೆ ಬಾಯಿ ತೆರೆಯುವುದಿಲ್ಲ. ಅಂದು ಸೋತರೆ ಕಟ್ಟಿದ್ದೆಲ್ಲ ಅಳಿಯುತ್ತದೆ. ನಾನು ಆಟಮನೆಗೆ ದೂರು ಬರೆದೆ. ಅಕ್ಕನ ಗುರುತು ಖಚಿತವಾಗದ ಕಾರಣ ಅವಳ ಪರವಾಗಿ ಬಂದ ದೂರನ್ನು ತೆರೆಯಲಾಗದು ಎಂದು ಉತ್ತರ ಬಂತು. ಕೊಂಡ ದಿನದ ರಸೀದಿ ಕಳಿಸಿದೆ. ರಸೀದಿ ಕದ್ದದ್ದಿರಬಹುದು ಎಂದರು.

ಪಕ್ಕದ ಮನೆಯ ಮಾರುತಿಯ ಹತ್ತಿರ ಕದ್ದ ಪ್ರತಿ ಇತ್ತು. ಅದರ ಬೀಗವನ್ನು ಯಾರೋ ಎಂದೋ ಕಿತ್ತುಹಾಕಿದ್ದರು. ಅವನು ಒಳ್ಳೆಯ ಮನಸ್ಸಿನಿಂದಲೇ ಕರೆದ.

"ಬರ್ರಿ ಅಕ್ಕಾರ, ನಂದರಾಗ ಬೀಗಾನ ಇಲ್ಲ. ಬೇಕಾದಷ್ಟ ಹೊತ್ತ ಆಡ್ರಿ."

ಅಕ್ಕ ಹೋಗಿ ನೋಡಿದಳು. ಅಲ್ಲಿ ಬರಿ ನೆಲವಿತ್ತು.

"ಇಲ್ಲಿ ನಮ್ಮ ಓಣಿ ಇಲ್ಲಲ್ಲಪಾ."

"ಕಟ್ಟಿದರಾತು."

"ಒಂಬತ್ತ ವರ್ಷ ನೀ ಕೊಡ್ತಿ ಏನ?"

ನಾನು ಕಳವಿನ ಪರವಾಗಿ ವಾದಿಸುವವಳಲ್ಲ. ಆಟ ಮಾಡುವವರೂ ನಮ್ಮಂತೆ ಬೆರಳು ಸವೆಸಿ ದುಡಿಯುವವರು, ಅವರಿಗೂ ಹೊಟ್ಟೆ ಇದೆ. ಆದರೆ ಕಳ್ಳನನ್ನು ತಡೆಯಲು ಹಾಕಿದ ಬೀಗ ಮಾರುತಿಯ ಕೂದಲನ್ನೂ ಕೊಂಕಿಸಲಿಲ್ಲ. ಅದರ ಭಾರ ಪೂರ್ತಿ ಬಿದ್ದದ್ದು ಬೆಲೆ ಕೊಟ್ಟವಳ ಮೇಲೆ. ಕರಪತ್ರಗಳಲ್ಲಿ ಇದನ್ನು ನೂರು ಸಲ ಓದಿದ್ದೆ. ಅಕ್ಕ ಮಾರುತಿಯ ಮನೆಯ ಹೊಸ್ತಿಲು ಇಳಿದು ಬರುವುದನ್ನು ನೋಡಿದ ಮೇಲೆ ಅರ್ಥವಾಯಿತು.

ಒಂದು ದಾರಿ ಉಳಿದಿತ್ತು. ಬೂದಿ ಮುಟ್ಟದೆ ತಿಂಗಳು ಬಿಟ್ಟರೆ ಹೆಬ್ಬೆರಳಿನ ಗೆರೆ ಮತ್ತೆ ಏಳುತ್ತದೆ. ಬಾಣಂತಿಯರ ಕೈಯಲ್ಲಿ ಅದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ, ನಿಮ್ಮ ಕಾಲದ ಹೊಲಗಳಲ್ಲೂ ಇದ್ದಿರಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುತ್ತಾರೆ, ಅವರ ಹೊತ್ತಿಗೆ ಇವರು ಹೋಗಿ ತೀರಿಸುತ್ತಾರೆ. ಓಣಿಯ ಹೆಂಗಸರು ಅಕ್ಕನ ಪಾಲಿನ ಹಾಸುಗಳನ್ನು ಹಂಚಿಕೊಂಡರು. ಎಲ್ಲರಿಗಿಂತ ಹೆಚ್ಚು ಹೊಸೆದವಳು ತಿಪ್ಪವ್ವ. ಅಕ್ಕ ಹೆಬ್ಬೆರಳಿಗೆ ಬೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮನೆಯಲ್ಲಿ ಕೂತಳು. ರೊಟ್ಟಿಯನ್ನು ನಾನು ಬಡಿದೆ. ಇಪ್ಪತ್ತನೆಯ ದಿನ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದಾಗ ನೀರಿನ ಅಲೆಯಂತೆ ತೆಳ್ಳಗೆ ಗೆರೆ ಕಂಡವು. ಇಪ್ಪತ್ತೇಳನೆಯ ದಿನ ಬರಿಗಣ್ಣಿಗೇ ಕಂಡವು. ಆ ದಿನ ನಾವಿಬ್ಬರೂ ನಕ್ಕೆವು.

ಇಪ್ಪತ್ತೆಂಟನೆಯ ದಿನ ಮಧ್ಯಾಹ್ನ ತಿಪ್ಪವ್ವನ ಮನೆಯಲ್ಲಿ ಹಾಸು ಸುತ್ತಿದ ಉರುಳೆ ಕಳಚಿ ಬಿತ್ತು. ಏರಿಸಿದ್ದ ಎಳೆಗಳೆಲ್ಲ ಹರಿದವು. ಎರಡು ದಿನದೊಳಗೆ ಹಾಸು ಸೇರದಿದ್ದರೆ ಮಗ್ಗವನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಅದು ನಮ್ಮೂರಿನ ಸಂಘದ ನಿಯಮ. ಹೊಸೆಯುವವರಲ್ಲಿ ನಾಲ್ವರು ಜ್ವರದಿಂದ ಮಲಗಿದ್ದರು. ಅಕ್ಕ ಬೆರಳಿನ ಬಟ್ಟೆ ಬಿಚ್ಚತೊಡಗಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇನ್ನ ಎರಡ ದಿನ ಅಕ್ಕಾ. ಎರಡ ದಿನ ತಡಿ."

"ಇಷ್ಟ ದಿನ ನನ್ನ ಎಳಿ ಹೊಸದಾಕಿ ಯಾರ?"

"ನೀ ಹೋದರ ಓಣಿ ಹೋಗತೈತಿ. ಆಕಿ ಮನೀನೂ ಅದರಾಗ ಐತಿ."

"ಅದರಾಗಿನ ಮನ್ಯಾಗ ಆಕಿ ಇರೂದಿಲ್ಲ. ಸರಿ ಅತ್ತಾಗ."

ನಾನು ಬಾಗಿಲು ಬಿಟ್ಟು ಸರಿದೆ. ಓದಿದ ಯಾವ ಕರಪತ್ರದಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ತಿಪ್ಪವ್ವನೂ ಅವಳನ್ನು ತನ್ನ ಮನೆಯ ಬಾಗಿಲಲ್ಲೇ ತಡೆದಳು.

"ಬೂದಿ ಮುಟ್ಟಿದಿ ಅಂದರ ನೋಡ ಮತ್ತ. ನಿನ್ನ ಕೈ ಮುರದು ಕೂಡಸ್ತೀನಿ."

"ಮುರದರೂ ಪೆಟ್ಟಿಗಿ ನನ್ನ ಒಳಗ ಬಿಡೂದಿಲ್ಲ ಚಿಗವ್ವಾ. ಜರಗ, ಜಾಗಾ ಕೊಡ."

ಎಡಗೈಯಿಂದ ಹೊಸೆಯಲು ನೋಡಿದಳು, ಎಳೆ ನಿಲ್ಲಲಿಲ್ಲ. ಆಮೇಲೆ ಬಲ ಹೆಬ್ಬೆರಳನ್ನು ಬೂದಿಯಲ್ಲಿ ಅದ್ದಿದಳು. ಆ ಮಧ್ಯಾಹ್ನ ಮತ್ತು ಮರುದಿನ ಪೂರ್ತಿ ಆರು ಜನ ಕೂತು ಹಾಸು ಸೇರಿಸಿದರು. ಹೊಸದಾಗಿ ಎದ್ದ ಚರ್ಮ ಎಳೆಯದು, ಹಳೆಯದಕ್ಕಿಂತ ಬೇಗ ಸವೆಯಿತು. ಮೂವತ್ತನೆಯ ದಿನ ಬೆಳಗ್ಗೆ ಅಕ್ಕ ಗಾಜಿನ ಪೆಟ್ಟಿಗೆಯೊಳಗೆ ಹೆಬ್ಬೆರಳು ಒತ್ತಿದಾಗ ಸಂಗಯ್ಯ ಬೇರೆ ಕಡೆ ನೋಡುತ್ತಿದ್ದ. ಕೊಂಡವರು ಇವರಲ್ಲ ಎಂದು ಪೆಟ್ಟಿಗೆ ಹೇಳಿತು. ನಾವು ಮನೆಗೆ ಬಂದು ಗೋಡೆ ತೆರೆಯುವಷ್ಟರಲ್ಲಿ ಹನ್ನೊಂದು ಮನೆಗಳೂ ಇರಲಿಲ್ಲ. ಒಮ್ಮೆ ಕಾಲುವೆಗೆ ಹೋಗಿದ್ದವು, ಈಗ ಬೀಗಕ್ಕೆ ಹೋದವು.

ತಿಪ್ಪವ್ವನ ಮಗ್ಗ ಉಳಿಯಿತು. ಅವಳು ಆ ಸಂಜೆ ನಮ್ಮ ಮನೆಗೆ ಬಂದು, ಖಾಲಿ ಗೋಡೆಯ ಮುಂದೆ ಕೂತು, ಅಕ್ಕನ ತಲೆಗೆ ಎಣ್ಣೆ ಹಚ್ಚಿ ಹೋದಳು. ಅಕ್ಕ ಅತ್ತಿಲ್ಲ. ಆದರೆ ಅಂದಿನಿಂದ ಭಾನುವಾರ ಬಂದರೆ ಅವಳು ಮನೆಯಲ್ಲಿ ನಿಲ್ಲುವುದಿಲ್ಲ, ಕಾಲುವೆಯ ದಂಡೆಗೆ ಹೋಗಿ ಒಬ್ಬಳೇ ಕೂತಿರುತ್ತಾಳೆ.

ಹಿರಿಯರೇ, ಇದನ್ನು ನಿಮಗೇಕೆ ಬರೆಯುತ್ತಿದ್ದೇನೆ ಎಂದರೆ ಈ ಬೀಗ ನಿಮ್ಮ ಕಾಲದಲ್ಲಿ ಚಿಕ್ಕದು. ಹಳೆಯ ಕರಪತ್ರಗಳಿಂದ ನಾನು ತಿಳಿದುಕೊಂಡದ್ದು ಇಷ್ಟು: ಆಟ ಕೊಂಡವರು ಇಂಟರ್ನೆಟ್ ಇಲ್ಲದ ಊರಲ್ಲಿ ಅದನ್ನು ತೆರೆಯಲಾರದೆ ಕೂತದ್ದು ನಿಮ್ಮಲ್ಲೇ. ಹೊಸ ಕಂಪ್ಯೂಟರ್ ತಂದದ್ದಕ್ಕೆ ಹಳೆಯ ಆಟ ನೀನು ಯಾರು ಎಂದು ಕೇಳಿದ್ದು ನಿಮ್ಮಲ್ಲೇ. ಕಂಪನಿ ತನ್ನ ಸರ್ವರ್ ಮುಚ್ಚಿದ ದಿನ ಬೆಲೆ ಕೊಟ್ಟವರ ಕೈಯಲ್ಲಿ ಏನೂ ಉಳಿಯದೆ, ಕದ್ದವರ ಪ್ರತಿ ಮಾತ್ರ ಓಡಿದ್ದೂ ನಿಮ್ಮಲ್ಲೇ. ಆಗ ದೊಡ್ಡವರು ಆಟ ತಾನೆ, ಹುಡುಗರು ಗದ್ದಲ ಮಾಡುತ್ತಾರೆ ಎಂದು ಸುಮ್ಮನಾದರು. ಆಟಕ್ಕೆ ಒಪ್ಪಿದ ಮೇಲೆ ಅದು ತೆರೆಯಲ್ಲಿ ಓದುವ ಪುಸ್ತಕಕ್ಕೆ ಬಂತು, ಹೊಲಿಗೆ ಯಂತ್ರಕ್ಕೆ ಬಂತು, ನಮ್ಮ ನೆರಳುಸಾಲಿನ ನೀರಿನ ಪಂಪಿಗೂ ಬಂದಿದೆ. ಬೀಗಕ್ಕೆ ಊರು ಒಗ್ಗಿಕೊಂಡದ್ದು ಆಟದಲ್ಲಿ. ಸಿಟ್ಟಿನಿಂದ ಬರೆಯುತ್ತಿದ್ದೇನೆ, ನಿಜ. ಅಕ್ಕನ ಓಣಿ ಈ ಕಾಗದದಿಂದ ಮರಳುವುದಿಲ್ಲ ಎಂಬುದೂ ನನಗೆ ತಿಳಿದಿದೆ.

ನಿಮ್ಮನ್ನು ಒಂದು ಕೇಳಿಕೊಳ್ಳುತ್ತೇನೆ. ನೀವು ಬೆಲೆ ಕೊಟ್ಟು ಕೊಂಡ ಆಟದ ರಸೀದಿ ತೆಗೆದುಕೊಂಡು, ಅದನ್ನು ಮಾರಿದವರ ಬಾಗಿಲಿಗೆ ಹೋಗಿ, ಇದು ನನ್ನದು ಹೌದೋ ಅಲ್ಲವೋ ಎಂದು ಕೇಳಿ. ಒಬ್ಬರೇ ಹೋಗಬೇಡಿ. ಒಬ್ಬರನ್ನು ಸಂಶಯದ ಪಟ್ಟಿಗೆ ಸೇರಿಸುವುದು ಸುಲಭ.

ನಾವೂ ಹೋಗುತ್ತಿದ್ದೇವೆ. ಎಳೆ ಹೊಸೆಯುವವರು ಇನ್ನೂರ ಹನ್ನೆರಡು ಜನ ಒಪ್ಪಿದ್ದಾರೆ. ಎಲ್ಲರ ಆಟವೂ ಕೊಂಡದ್ದೇ, ಎಲ್ಲರ ಹೆಬ್ಬೆರಳೂ ಸವೆದದ್ದೇ. ಸಾಚಾಕಟ್ಟೆಯ ಪೆಟ್ಟಿಗೆಯೊಳಗೆ ಒಬ್ಬರ ಹಿಂದೆ ಒಬ್ಬರು ಹೆಬ್ಬೆರಳು ಒತ್ತಿ, ಇಡೀ ಊರನ್ನು ಕಳ್ಳರೆಂದು ಅದು ಗಟ್ಟಿಯಾಗಿ ಹೇಳುವುದನ್ನು ಎಲ್ಲರಿಗೂ ಕೇಳಿಸುತ್ತೇವೆ. ಮೊದಲು ಎಂಟು ಗಂಟೆಗೆ ಎಂದು ಗೊತ್ತು ಮಾಡಿದ್ದೆವು. ಆ ಹೊತ್ತಿಗೆ ಹಾಸು ಏರಿಸುವ ಪಾಳಿ ಇದೆ, ಅದನ್ನು ಮುಗಿಸದೆ ಬರುವುದಿಲ್ಲ ಎಂದು ಅಕ್ಕ ಹೇಳಿದಳು. ಅವಳೂ ಬರುತ್ತಾಳೆ ಎಂಬುದು ಆ ಮಾತಿನಿಂದಲೇ ನಮಗೆ ತಿಳಿಯಿತು. ಹೊತ್ತು ಬದಲಿಸಿದ್ದೇವೆ.

ನೀವು ನಿಮ್ಮ ವರ್ಷದಲ್ಲಿ, ನಾವು ನಮ್ಮ ವರ್ಷದಲ್ಲಿ, ಆದರೆ ಒಂದೇ ದಿನ, ಒಂದೇ ಹೊತ್ತಿಗೆ ನಿಲ್ಲೋಣ. ಬರುವ ಸೋಮವಾರ, ಬೆಳಗ್ಗೆ ಹತ್ತು ಗಂಟೆಗೆ.

ನಿಮ್ಮ ನಂತರದವಳು,
ನೀಲಾಂಬಿಕೆ ಈರಪ್ಪ ಕಮತಗಿ