ಗವಾಕ್ಷಿಯಿಲ್ಲದ ಅಡುಗೆಮನೆ

ಶ್ರೀರಂಗಪಟ್ಟಣ, ೧೯೩೪

ಲಕ್ಷ್ಮಣಣ್ಣ,

ನೀನು ಬೊಂಬಾಯಿಯಲ್ಲಿ ತೀರಿಕೊಂಡು ವರ್ಷವಾಯಿತು. ನಿನ್ನ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಇವತ್ತು ಅರಕೆರೆಯ ಬಡಗಿ ಸಿದ್ದಾಚಾರಿಯ ಮಗ ಕಾಳಪ್ಪ ಬಂದಿದ್ದ. ಹೈಸ್ಕೂಲು ಮುಗಿಸಿದ್ದಾನೆ. ನೀನು ಕಟ್ಟಿಸಿಕೊಟ್ಟ ಈ ಮನೆಯನ್ನು ಬೀದಿಯಲ್ಲೇ ನಿಂತು ಬಾಯಿಬಿಟ್ಟು ನೋಡಿ, "ಅಕ್ಕಾ, ನಾನೂ ನಿಮ್ಮಣ್ಣನವ್ರಂಗೆ ಬೊಂಬಾಯ್ಗೋಗಿ ಮನೆ ನಕ್ಷೆ ಬರೆಯೋದು ಕಲೀಬೇಕು. ಮೊದ್ಲು ಏನ್ ಕಲೀಲಿ?" ಎಂದ.

ನನಗೆ ಮೈಯೆಲ್ಲ ಉರಿಯಿತು. ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಅವ್ವ ಹಸಿ ಸೌದೆ ಹಾಕಿ ಒಲೆ ಊದುತ್ತಿದ್ದಳು. "ಎಸ್ರು ಕುದಿಯೋಗಂಟ ಇಲ್ಲೇ ಕೂತಿರು" ಎಂದು ಕೂರಿಸಿದೆ.

ಬೀದಿಯ ಕಡೆಗೆ ಕಮಾನು, ಕಂಬ, ಬಣ್ಣದ ಗಾಜು ಎಲ್ಲ ಬರೆದವನು ನೀನು. ಹೊಗೆ ಹೋಗಲು ಒಂದು ಗವಾಕ್ಷಿ ಬರೆಯಲಿಲ್ಲ. ಅವ್ವನಿಗೆ ಈಗ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಗಾರೆಯವರನ್ನು ಕರೆಸಿದರೆ, "ನನ್ ಮಗ ಕಟ್ಸಿದ್ದು, ಯಾರೂ ಗ್ವಾಡೆ ಮುಟ್ಬ್ಯಾಡಿ" ಎಂದು ಅಡ್ಡ ನಿಲ್ಲುತ್ತಾಳೆ.

ಕಾಳಪ್ಪ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದ.

"ಮೊದ್ಲು ಅಡ್ಗೆ ಮಾಡೋರ್ನ ಕೇಳೋದು ಕಲಿ. ಆಮ್ಯಾಕೆ ಗೆರೆ ಎಳಿ" ಎಂದೆ.

"ನಿಮ್ಮಣ್ಣ ಯಾರ್ನೂ ಕೇಳ್ಲಿಲ್ವಾ ಅಕ್ಕಾ?"

ನೀನು ಕೇಳಿದ್ದೆ. ನಕ್ಷೆಯನ್ನು ನನ್ನ ಮುಂದೆ ಹಾಸಿ, "ಸರಸೂ, ಏನಾರ ತಪ್ಪು ಕಾಣ್ತದಾ ನೋಡಮ್ಮಿ" ಎಂದಿದ್ದೆ. ಗವಾಕ್ಷಿ ಇಲ್ಲದ್ದು ಅವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ಅಷ್ಟು ಓದಿ ಬಂದವನಿಗೆ ನಾನೇನು ಹೇಳುವುದೆಂದು, "ಚೆನ್ನಾಗೈತೆ ಕಣಣ್ಣ" ಎಂದುಬಿಟ್ಟೆ.

ಕಾಳಪ್ಪನಿಗೆ, "ಇಲ್ಲ ಕಣಪ್ಪ, ಯಾರ್ನೂ ಕೇಳ್ಲಿಲ್ಲ" ಎಂದು ಹೇಳಿ ಕಳಿಸಿದೆ.