ಗಾಲಿಗೆ ಬಿಟ್ಟ ಎಣ್ಣೆ

ದೊಡ್ಡಬಳ್ಳಾಪುರ
ಬುಧವಾರ

ಪ್ರೀತಿಯ ಲೋಹಿತನಿಗೆ,

ನಿನ್ನ ಅಮ್ಮ, ನನ್ನ ಅತ್ತಿಗೆ ಅಂಜಿನಮ್ಮನ ಮಂಡಿನೋವು ಇಳಿಯಿತೇ? ನಿನ್ನ ತಂಗಿ ಸಿಂಚನಳ ಕೆಮ್ಮು ಹೇಗಿದೆ?

ನೀನು ಇಲ್ಲಿಗೆ ಬಂದಿದ್ದಾಗ ನಿನ್ನ ರಿಮೋಟ್ ವಿಮಾನ ಗಾಲಿ ಬಿಚ್ಚದೆ ಹೊಟ್ಟೆಯ ಮೇಲೆ ಇಳಿದದ್ದು ನಿನ್ನ ತಪ್ಪಲ್ಲ ಕಣಪ್ಪ. ಹಿಂದಿನ ದಿನ ಆ ಮಡಚುವ ಗಾಲಿಗಳಿಗೆ ಮಗ್ಗದ ಎಣ್ಣೆ ಬಿಟ್ಟವಳು ನಾನು. ಈಗ ಬಿಚ್ಚಿ ನೋಡಿದರೆ, ನಮ್ಮ ಮನೆಯ ನೂಲಿನ ಧೂಳೆಲ್ಲ ಕೀಲಿಗೆ ಅಂಟಿ ಗಟ್ಟಿಯಾಗಿತ್ತು. "ಅದೇನ್ ಮಗ್ಗ ಅಂದ್ಕೊಂಡ್ಯೇನೇ, ಎಣ್ಣೆ ಕುಡಿಸೋಕೆ?" ಅಂತ ನಿನ್ನ ಮಾವ ಇನ್ನೂ ನಗುತ್ತಿದ್ದಾರೆ.

ಕೀಲು ಒರೆಸಿ, ಬಾಗಿದ ಕಡ್ಡಿ ನೇರ ಮಾಡಿದ್ದೇನೆ. ನೀನು ಬೇಸರದಲ್ಲಿ ವಿಮಾನದ ಜೊತೆ ಇಲ್ಲೇ ಬಿಟ್ಟುಹೋದ ರಿಮೋಟಿನಿಂದ ನೂರು ಸಲ ಮಡಚಿ ಬಿಚ್ಚಿದೆ. ನೂರು ಸಲವೂ ಗಾಲಿ ಪೂರ್ತಿ ಇಳಿಯಿತು. ವಿಮಾನ ಹಾರಿಸುವ ಸ್ಪರ್ಧೆಯಿಂದ ಹೆಸರು ತೆಗೆಸಬೇಡ. ವಿಮಾನವನ್ನು ಮಡಿಲಲ್ಲಿಟ್ಟುಕೊಂಡು ನಾನೇ ಮೈದಾನಕ್ಕೆ ಬರುತ್ತೇನೆ, ಹಾರಿಸುವವನು ನೀನೇ. ಯಾವ ಬಸ್ಸು ಹತ್ತಲಿ, ಬೇಗ ಬರೆದು ತಿಳಿಸು.

ನಿನ್ನ ಅತ್ತೆ,
ದೇವೀರಮ್ಮ